ಸಂಧಿವಾತದಲ್ಲಿ ರಕ್ತಶೋಧನೆ

ರೋಗಾಣುಗಳನ್ನು ಎದುರಿಸಲೆಂದು ಶರೀರವು ತಯಾರಿಸುವ ಪ್ರೋಟೀನುಗಳಿಗೆ ಪ್ರತಿಕಾಯಗಳೆಂದು ಹೆಸರು. ರೂಮಟಾಯ್ಡ್ ಸಂಧಿವಾತದಲ್ಲಿ ಈ ರಕ್ಷಣಾ ವ್ಯವಸ್ಥೆಯು ದಾರಿತಪ್ಪಿ, ಸ್ವಂತ ಕೀಲುಗಳ ಒಳಪೊರೆಯ ಮೇಲೆಯೇ ದಾಳಿ ಮಾಡುತ್ತದೆ. ಎರಡೂ ಕೈಗಳ ಬೆರಳುಗಳು, ಮಣಿಕಟ್ಟುಗಳು ಬಾತುಕೊಳ್ಳುತ್ತವೆ. ಬೆಳಗಿನ ಬಿಗಿತವು ಗಂಟೆ ಕಳೆದರೂ ಬಿಡುವುದಿಲ್ಲ. ಅನೇಕ ರೋಗಿಗಳ ರಕ್ತದಲ್ಲಿ ಇತರ ಪ್ರತಿಕಾಯಗಳಿಗೇ ಅಂಟಿಕೊಳ್ಳುವ 'ರೂಮಟಾಯ್ಡ್ ಫ್ಯಾಕ್ಟರ್' ಎಂಬ ಪ್ರತಿಕಾಯವು ಕಂಡುಬರುತ್ತದೆ. ಇಂತಹವನ್ನು ಶೋಧಿಸಿ ತೆಗೆದುಬಿಡಬಾರದೇಕೆ ಎಂಬ ಪ್ರಶ್ನೆ ಸಹಜವಾದುದೇ.

'ಪ್ರೊಸೋರ್ಬಾ' ಎಂಬ ಶೋಧಕದ ಬಳಕೆಯು ಈ ಪ್ರಶ್ನೆಗೆ ಒಂದು ಉತ್ತರವಾಗಿತ್ತು. ಔಷಧಗಳಿಗೆ ಬಗ್ಗದ ಸಂಧಿವಾತದಲ್ಲಿ ಇದರ ಬಳಕೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿ ಅನುಮತಿ ನೀಡಿತು. ರೋಗಿಯ ಒಂದು ತೋಳಿನಿಂದ ಹೊರಬಂದ ರಕ್ತದಲ್ಲಿನ ಕಣಗಳನ್ನೂ ಪ್ಲಾಸ್ಮಾವನ್ನೂ ಯಂತ್ರವು ಬೇರ್ಪಡಿಸುತ್ತಿತ್ತು. ಪ್ಲಾಸ್ಮಾವು ಸಿಲಿಕಾ ತುಂಬಿದ ಕೊಳವೆಯೊಂದರ ಮೂಲಕ ಹಾಯ್ದು, ಕಣಗಳೊಡನೆ ಮರಳಿ ಶರೀರವನ್ನು ಸೇರುತ್ತಿತ್ತು. ಸಿಲಿಕಾಕ್ಕೆ ಅಂಟಿಸಿದ್ದ 'ಪ್ರೋಟೀನ್ ಎ' ಎಂಬ ವಸ್ತುವು ಪ್ರತಿಕಾಯಗಳನ್ನು ಹಿಡಿದಿಡುತ್ತಿತ್ತು. ಇದು ಕುರು, ಕೀವುಗಳಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯದಿಂದ ಪಡೆದ ವಸ್ತು. ರೋಗಾಣುವಿನ ಆತ್ಮರಕ್ಷಣೆಯ ಸಾಧನವೇ ರೋಗಿಯ ನೆರವಿಗೆ ಬಂದುದು ಸ್ವಾರಸ್ಯಕರ. ವಾರಕ್ಕೊಮ್ಮೆ ಸುಮಾರು ಎರಡು ಗಂಟೆಗಳಂತೆ 12 ವಾರ ಈ ಚಿಕಿತ್ಸೆ ನಡೆಯುತ್ತಿತ್ತು.

1999ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನಿಜವಾದ ಶೋಧನೆ ಪಡೆದ 47 ಮಂದಿಯಲ್ಲಿ 15 ಮಂದಿಗೆ ಗುಣ ಕಂಡಿತು. ತೋರಿಕೆಯ ಶೋಧನೆ ಪಡೆದ 44 ಮಂದಿಯಲ್ಲಿ ಐವರಿಗೆ ಮಾತ್ರ. ಹಲವು ಔಷಧಗಳು ವಿಫಲವಾಗಿದ್ದ ಇಂತಹ ರೋಗಿಗಳಿಗೆ ಇದು ಅಲ್ಪ ಲಾಭವಲ್ಲ. ಆದರೆ ಮೂವರಲ್ಲಿ ಇಬ್ಬರಿಗೆ ಪ್ರಯೋಜನವಾಗಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಚಿಕಿತ್ಸೆಯ ಬೆನ್ನಿಗೇ ಕೆಲವರಿಗೆ ಕೀಲುನೋವು, ಆಯಾಸಗಳು ಹೆಚ್ಚುತ್ತಿದ್ದವು.

ಸೆಲೆ ಬತ್ತದ ಬಾವಿಯನ್ನು ಎಷ್ಟು ತೋಡಿದರೂ ನೀರು ಮತ್ತೆ ತುಂಬುತ್ತದೆ. ಪ್ರತಿಕಾಯಗಳ ವಿಷಯವೂ ಹಾಗೆಯೇ. ಅಷ್ಟೇ ಅಲ್ಲ, ಕೊಳವೆಯಲ್ಲಿ ಉಳಿಯುತ್ತಿದ್ದ ಪ್ರತಿಕಾಯಗಳ ಪ್ರಮಾಣ ತೀರ ಅಲ್ಪ. ಆದುದರಿಂದ, ಗುಣ ಕಂಡದ್ದು ಕೇವಲ ಶೋಧನೆಯಿಂದಲ್ಲ, ರಕ್ಷಣಾ ವ್ಯವಸ್ಥೆಯಲ್ಲಿ ಉಂಟಾದ ಬೇರಾವುದೋ ಬದಲಾವಣೆಯಿಂದ ಎಂದು ತಜ್ಞರು ಊಹಿಸಿದರು. ಅಷ್ಟರಲ್ಲಿ ಉರಿಯೂತವನ್ನು ನೇರವಾಗಿ ತಡೆಯುವ ಚುಚ್ಚುಮದ್ದುಗಳು ಬಳಕೆಗೆ ಬಂದವು. ಪ್ರತಿಕಾಯ ತಯಾರಿಸುವ ಜೀವಕೋಶಗಳ ಮೂಲವನ್ನೇ ಕುಗ್ಗಿಸುವ ರಿಟುಕ್ಸಿಮಾಬ್ 2006ರಲ್ಲಿ ಈ ರೋಗಕ್ಕೆ ಅಂಗೀಕೃತವಾಯಿತು. ಪ್ರೊಸೋರ್ಬಾ ಮಾರುಕಟ್ಟೆಯಿಂದ ಮರೆಯಾಯಿತು.

ಆದಕಾರಣ 'ರಕ್ತ ಶುದ್ಧಿಮಾಡಿ ಸಂಧಿವಾತ ಗುಣಪಡಿಸಲಾಗುವುದು' ಎಂಬ ಜಾಹೀರಾತುಗಳನ್ನು ನಂಬಿ ನಿಯತ ಚಿಕಿತ್ಸೆಯನ್ನು ನಿಲ್ಲಿಸಬಾರದು. ಒಮ್ಮೆ ಸವೆದ ಮೂಳೆ ಮೊದಲಿನಂತಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿಯೇ ಔಷಧ ಆರಂಭವಾಗಬೇಕು. ಸಾಮಾನ್ಯವಾಗಿ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸತಕ್ಕದ್ದು. ತಪ್ಪಿ ದಿನವೂ ಸೇವಿಸಿದಲ್ಲಿ ಪ್ರಾಣಾಪಾಯವುಂಟು. ಆ ದಿನ ಯಾವುದೆಂಬುದನ್ನು ವೈದ್ಯರಿಂದ ಚೀಟಿಯಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು.