ಮಾಡಿಗೆ ಆಳು ಹುಡುಕುವಾಗ

ಊರಮನೆಯ ಮಾಡು ಸೋರುತ್ತಿದೆ, ಯಾರಾದರೂ ಒಳ್ಳೇ ಕಂಟ್ರಾಕ್ಟರ್ ಇದ್ದರೆ ಹೇಳಿ ಎಂದು ಮೇ ಕೊನೆಗೆ ಫೋನ್ ಮಾಡುತ್ತೀಯಲ್ಲ, ಅಷ್ಟು ಹೊತ್ತಿಗೆ ಕೆಲಸ ಬಲ್ಲವರು ಯಾರೂ ಖಾಲಿ ಇರುವುದಿಲ್ಲ ಮಾರಾಯ. ತೀರ್ಥಹಳ್ಳಿ, ಕೊಪ್ಪದ ಕಡೆ ಹಂಚು ಕೈಯಾಡಿಸುವವರನ್ನು ಶಿವರಾತ್ರಿಗೆ ಮೊದಲೇ ಮಾತಾಡಿಟ್ಟಿರಬೇಕು. ಮೃಗಶಿರ ಹಿಡಿಯಲು ವಾರವಿರುವಾಗ 'ನಾಳೆಯೇ ಬರ್ತೀನಿ' ಅನ್ನುವವನ ಬಗ್ಗೆ ನನಗಂತೂ ಅನುಮಾನ.

ಹುಡುಕಬೇಕಾದ್ದು ಮಳೆಗಾಲದಲ್ಲೇ. ಆರಿದ್ರಾ, ಪುನರ್ವಸು ಜಡಿಯುವಾಗ ಎರಡು ದಿನ ಊರಿಗೆ ಬಾ. ಅಟ್ಟ ಹತ್ತಿ, ನೀರು ಜಿನುಗುವ ಕಡೆಯಲ್ಲೆಲ್ಲ ಪಕಾಸಿಗೊಂದು ದಾರ ಕಟ್ಟು. ಬೇಸಿಗೆಯಲ್ಲಿ ಎಲ್ಲಿ ಸೋರುತ್ತಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಕೊಡೆ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೋಗಿ ಬಾ. ಯಾರ ಮನೆಯಲ್ಲಿ ಬಕೆಟ್ ಇಟ್ಟಿಲ್ಲ, ಆ ಕೆಲಸ ಯಾರದ್ದು, ಯಾವ ವರ್ಷದ್ದು ಎಂದು ಕೇಳು. ಹೋದ ಬೇಸಿಗೆಯ ಕೆಲಸವನ್ನು ಲೆಕ್ಕಕ್ಕೆ ಹಿಡಿಯಬೇಡ, ಮೂರು ಮಳೆಗಾಲ ಕಂಡದ್ದಾದರೆ ನಂಬು. ಅದಕ್ಕಿಂತ ಮುಖ್ಯ, ಸೋರಿದಾಗ ಕರೆದರೆ ಆತ ಬಂದನೇ ಎಂದು ಕೇಳು. ಮಂಗ ಓಡಾಡಿದರೆ, ಹಲಸಿನ ಕೊಂಬೆ ಬಿದ್ದರೆ ಎಂಥಾ ಮಾಡೂ ಸೋರುತ್ತದೆ. ಹಾಗೆ ಸೋರಿದ ದಿನ ಫೋನ್ ಎತ್ತುವವನು ನಿನಗೆ ಬೇಕು.

ಮನೆ ನೋಡಲು ಬಂದಾಗ ಅವನ ಕೈ ಗಮನಿಸು. ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿ ಒಟ್ಟು ರೇಟು ಹೇಳುವವನಿಗೆ ಕಾಫಿ ಕೊಟ್ಟು ಕಳಿಸು. ಬಲ್ಲವನು ಮೊದಲು ಒಳಗೆ ಹೋಗಿ, ಸೂರಿನಂಚಿನ ಪಕಾಸಿಗೆ ಮೊಳೆ ಚುಚ್ಚಿ ಒರಲೆ ತಿಂದಿದೆಯೇ ನೋಡುತ್ತಾನೆ. ಒಂದು ಹಂಚು ತೆಗೆದು ಬೆರಳಗೆಣ್ಣಿನಿಂದ ತಟ್ಟಿ ಕೇಳುತ್ತಾನೆ. ಬಿರುಕಿದ್ದದ್ದು ಬೊದ್ದು ಸದ್ದು ಮಾಡುತ್ತದೆ. ಆಮೇಲೆ ಅದನ್ನು ಮಗುಚಿ, ಯಾವ ಕಾರ್ಖಾನೆಯ ಮುದ್ರೆ ಎಂದು ಓದುತ್ತಾನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಮೇಲೆ ಹಂಚಿನ ಕಾರ್ಖಾನೆಗಳು ಎಷ್ಟೋ ಬಂದವು. ಎಲ್ಲವನ್ನೂ ಮಂಗಳೂರು ಹಂಚೆಂದೇ ಕರೆದರೂ ಒಬ್ಬರ ಅಚ್ಚು ಇನ್ನೊಬ್ಬರದಕ್ಕೆ ಸರಿಯಾಗಿ ಕೂರುವುದಿಲ್ಲ. ನಡುನಡುವೆ ಬೇರೆ ಅಚ್ಚಿನದು ತುರುಕಿದರೆ ಗಾಳಿಮಳೆಯ ಎರಚಲು ಆ ಸಂದಿಯಲ್ಲೇ ನುಗ್ಗುತ್ತದೆ. ಮುದ್ರೆ ಓದುವವನಿಗೆ ನೂರಿನ್ನೂರು ಹೆಚ್ಚು ಕೂಲಿಯಾದರೂ ಚೌಕಾಸಿ ಮಾಡಬೇಡ.

ಹಂಚು ಇಳಿಸಿ ಶೀಟ್ ಹಾಕಿಬಿಡಿ ಎಂದು ಕೆಲವರು ಹೇಳುತ್ತಾರೆ. ವರ್ಷಾ ಕೈಯಾಡಿಸಲು ಜನವಿಲ್ಲದ ಮನೆಗೆ ಅದು ತಪ್ಪು ಸಲಹೆಯೇನಲ್ಲ, ಮಳೆ ಸದ್ದಿಗೆ ಮಾತು ಕೇಳಿಸದೆಂಬುದು ಬೇರೆ ಮಾತು. ಆದರೆ ಅರ್ಧ ಮಿಲಿಮೀಟರ್ ಶೀಟ್ ಎಂದವನು ತಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆದೇ ಇಳಿಸಿಕೋ. ಸ್ಕ್ರೂ ನೀರು ಹರಿಯುವ ತಗ್ಗಿನಲ್ಲಲ್ಲ, ಏಣಿನ ಮೇಲೆ ಬೀಳಬೇಕು. ರಬ್ಬರ್ ವಾಷರ್ ಅಪ್ಪಚ್ಚಿಯಾಗುವಷ್ಟು ಬಿಗಿಯಬಾರದು.

ದುಡ್ಡಿನ ಮಾತು ಕಾಗದದ ಮೇಲಿರಲಿ, ನೆಂಟನಾದರೂ ಸರಿ. ನೂರು ಚದರಡಿಗೆ ಸುಮಾರು 150 ಹಂಚು ಹಿಡಿಯುತ್ತದೆ, ಲೆಕ್ಕ ಹಾಕಿ ಸಾಮಾನು ನೀನೇ ಕೊಡಿಸು. ಕೂಲಿಯಲ್ಲಿ ಒಂದು ಪಾಲು ಮೊದಲ ದೊಡ್ಡ ಮಳೆ ಕಳೆದ ಮೇಲೆ ಎಂದು ಮುಂಚೆಯೇ ಹೇಳಿಬಿಡು, ಮತ್ತೆ ಆ ದಿನ ಬಂದಾಗ ಸತಾಯಿಸದೆ ಕೊಡು. ಇಳಿಸಿದ ಹಳೇ ಮರ ಯಾರಿಗೆ ಎಂಬುದನ್ನೂ ಬರೆ. ಒಳ್ಳೆಯ ಹಲಸು, ಹೊನ್ನೆಯ ತೊಲೆಗಳಿಗಾಗಿ ಜಗಳವಾದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಪಾಚಿ ಹಿಡಿದ ಹಂಚಿನ ಮೇಲೆ ಹಗ್ಗವಿಲ್ಲದೆ ಯಾರನ್ನೂ ಹತ್ತಿಸಬೇಡ. ಅಭ್ಯಾಸವಿದೆ ಸಾರ್ ಎಂದರೂ ಕೇಳಬೇಡ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ವಿಚಾರಿಸು. ಇಲ್ಲದಿದ್ದರೆ ಮಾಡಿಸಿಕೊಳ್ಳಲು ಹೇಳು, ಬಿದ್ದರೆ ಅವನ ಮನೆಯವರಿಗೆ ಅದರಿಂದ ನೆರವಾಗುತ್ತದೆ.

ಕೆಲಸ ಮುಗಿದ ದಿನ ಉಳಿದ ಹಂಚನ್ನು ಮಾರಿಬಿಡಬೇಡ. ಅದೇ ಮುದ್ರೆಯ ಐವತ್ತನ್ನಾದರೂ ಕೊಟ್ಟಿಗೆಯ ಗೋಡೆಗೆ ಒರಗಿಸಿ ಜೋಡಿಸಿಡು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ, ಆ ಅಚ್ಚು ಮುಂದೆ ಸಿಗಲಿಕ್ಕಿಲ್ಲ.