ಕಂಡದ್ದು ಮತ್ತು ತೀರ್ಮಾನಿಸಿದ್ದು: 'ಮೌಡಿ' ಚಲನಚಿತ್ರದ ಮೂಲಕ ವೀಕ್ಷಣಾ ಕೌಶಲದ ಪಾಠ

ತರಗತಿ: 9 | ವಿಷಯ: ವಿಜ್ಞಾನ | ಅವಧಿ: 40 ನಿಮಿಷ

ಹಿನ್ನೆಲೆ

ಪ್ರಯೋಗದ ವರದಿ ಬರೆಯುವಾಗ ಮಕ್ಕಳು ವೀಕ್ಷಣೆಯನ್ನೂ ತೀರ್ಮಾನವನ್ನೂ ಬೆರೆಸಿಬಿಡುತ್ತಾರೆ. ಸುಣ್ಣದ ತಿಳಿನೀರು ಹಾಲಿನಂತಾದದ್ದು ವೀಕ್ಷಣೆ; ಇಂಗಾಲದ ಡೈಆಕ್ಸೈಡ್ ಬಂದಿದೆ ಎನ್ನುವುದು ತೀರ್ಮಾನ. ಈ ವ್ಯತ್ಯಾಸವನ್ನು ಪ್ರಯೋಗಾಲಯದ ಹೊರಗೆ ಅಭ್ಯಾಸ ಮಾಡಿಸಲು ನಾನು 'ಮೌಡಿ' (2016) ಚಿತ್ರವನ್ನು ಆರಿಸಿಕೊಂಡೆ.

ಚಿತ್ರದ ಪರಿಚಯ

ಐಸ್ಲಿಂಗ್ ವಾಲ್ಶ್ ನಿರ್ದೇಶನದ ಈ ಚಿತ್ರ ಕೆನಡಾದ ನೋವಾ ಸ್ಕೋಷಿಯಾದ ಜನಪದ ಕಲಾವಿದೆ ಮೌಡ್ ಲೂಯಿಸ್ (ನಿಧನ 1970) ಅವರ ಬದುಕನ್ನು ಆಧರಿಸಿದೆ. ಬಾಲ್ಯದಿಂದಲೇ ಸಂಧಿವಾತ, ಬೆರಳುಗಳು ಸೊಟ್ಟಗಾಗಿದ್ದವು. ಚಿತ್ರದಲ್ಲಿ ಮನೆಯವರೇ 'ಇವಳಿಂದ ಏನೂ ಆಗದು' ಎಂದು ನಂಬಿದ್ದಾರೆ. ಆಕೆ ಮೀನು ಮಾರುವ ಎವರೆಟ್ ಮನೆಗೆ ಕೆಲಸಕ್ಕೆ ಸೇರಿ, ಅವನನ್ನೇ ಮದುವೆಯಾಗುತ್ತಾಳೆ. ಒಂದೇ ಕೋಣೆಯ ಆ ಮನೆಯ ಗೋಡೆ, ಬಾಗಿಲು, ಕಿಟಕಿಗಳೆಲ್ಲ ಅವಳ ಬಣ್ಣ ಕಂಡವು. ನಿಜವಾದ ಆ ಮನೆ ಈಗ ಹ್ಯಾಲಿಫ್ಯಾಕ್ಸ್‌ನ ಕಲಾಸಂಗ್ರಹಾಲಯದಲ್ಲಿದೆ.

ಬೋಧನಾ ಕ್ರಮ

ಸಂಭಾಷಣೆ ಇಂಗ್ಲಿಷಿನಲ್ಲಿರುವುದರಿಂದ ಧ್ವನಿ ಬಂದ್ ಮಾಡಿ ಮೂರು ತುಣುಕುಗಳನ್ನು ತೋರಿಸಿದೆ: ಎವರೆಟ್‌ನ ತಳ್ಳುಗಾಡಿಯ ಹಿಂದೆ ಕುಂಟುತ್ತಾ ನಡೆಯುವ ಮೌಡ್, ಮುಂದೆ ಅದೇ ಗಾಡಿಯಲ್ಲಿ ಕುಳಿತ ಮೌಡ್, ಅವಳಿಗಾಗಿ ಅವನು ಹಾಕಿಕೊಟ್ಟ ಸೊಳ್ಳೆ ಜಾಲರಿಯ ಬಾಗಿಲು. ಕಪ್ಪುಹಲಗೆಯ ಮೇಲೆ 'ಕಂಡದ್ದು', 'ತೀರ್ಮಾನ' ಎಂದು ಎರಡು ಅಂಕಣ ಎಳೆದೆ.

ಮೊದಲ ಸಲ ಹಲವರು 'ಅವನಿಗೆ ಪ್ರೀತಿ ಬಂತು' ಎಂದು 'ಕಂಡದ್ದು' ಅಂಕಣದಲ್ಲೇ ಬರೆದರು. 'ಪ್ರೀತಿ ಪರದೆಯ ಮೇಲೆ ಎಲ್ಲಿ ಕಾಣಿಸಿತು?' ಎಂದು ಕೇಳಿದಾಗ ತುಣುಕನ್ನು ಮತ್ತೆ ಹಾಕಲು ಹೇಳಿದರು. ಎರಡನೆಯ ಸಲ 'ಅವಳು ಮೊದಲು ಗಾಡಿಯ ಹಿಂದೆ ಇದ್ದಳು, ಈಗ ಗಾಡಿಯಲ್ಲಿದ್ದಾಳೆ' ಎಂಬ ವಾಕ್ಯ ಬಂತು. ಚಿತ್ರ ಬರೆಯಲು ಹಿಂಜರಿದು ಕೊನೆಯ ಬೆಂಚಿನಲ್ಲಿ ಕೂರುವ ಹುಡುಗನೊಬ್ಬ ಮೌಡ್ ಕುಂಚ ಹಿಡಿಯುವ ಬಗೆಯನ್ನು ಎಲ್ಲರಿಗಿಂತ ವಿವರವಾಗಿ ಬರೆದಿದ್ದ.

ಬಿಟ್ಟ ದೃಶ್ಯ, ಬಿಡದ ಪ್ರಶ್ನೆ

ಚಿತ್ರದಲ್ಲಿ ಎವರೆಟ್ ಗೆಳೆಯನ ಎದುರೇ ಮೌಡ್‌ಗೆ ಕೆನ್ನೆಗೆ ಹೊಡೆಯುತ್ತಾನೆ. ಮಾರ್ಗದರ್ಶಕ ಶಿಕ್ಷಕಿಯೊಂದಿಗೆ ಚರ್ಚಿಸಿ ಆ ದೃಶ್ಯವನ್ನು ತೋರಿಸಲಿಲ್ಲ. ಆದರೆ ಹಾಗೆ ನಡೆಯಿತೆಂದು ಹೇಳಿದೆ. ಅದನ್ನು ಮುಚ್ಚಿಟ್ಟರೆ ಅರ್ಧ ದತ್ತಾಂಶವನ್ನಷ್ಟೇ ಕೊಟ್ಟಂತಾಗುತ್ತಿತ್ತು. ಒಬ್ಬ ಹುಡುಗಿ ಕೇಳಿದಳು: 'ಆಮೇಲೆ ಬಾಗಿಲು ಹಾಕಿಕೊಟ್ಟರೆ, ಹೊಡೆದದ್ದು ಸರಿಯಾಗುತ್ತಾ ಮಿಸ್?'

ತರಗತಿ ನಿಶ್ಶಬ್ದವಾಯಿತು. ನಾನು ಕಪ್ಪುಹಲಗೆ ತೋರಿಸಿ, 'ಹೊಡೆದ' ಎಂಬುದನ್ನೂ 'ಕಂಡದ್ದು' ಅಂಕಣದಲ್ಲಿ ಬರೆಯಲು ಅವಳಿಗೇ ಸೀಮೆಸುಣ್ಣ ಕೊಟ್ಟೆ. ತೀರ್ಮಾನಕ್ಕೆ ಹೊಂದದ ವೀಕ್ಷಣೆಯನ್ನು ಅಳಿಸುವಂತಿಲ್ಲ, ತೀರ್ಮಾನವನ್ನೇ ತಿದ್ದಬೇಕು. 'ಅವನು ಪ್ರೀತಿಸಿದ' ಎಂದು ಬರೆದಿದ್ದವರು ಕೊನೆಗೆ 'ಅವನು ನಿಧಾನವಾಗಿ ಬದಲಾದ, ಆದರೆ ಹೊಡೆದದ್ದು ತಪ್ಪೇ' ಎಂದು ತಿದ್ದಿಕೊಂಡರು.

ಮೌಲ್ಯಮಾಪನ ಮತ್ತು ಸಲಹೆ

ಮುಂದಿನ ಅವಧಿಯ ಆಮ್ಲ-ಪ್ರತ್ಯಾಮ್ಲ ಪ್ರಯೋಗಕ್ಕೆ ಇದೇ ಎರಡು ಅಂಕಣಗಳನ್ನು ಬಳಸಿದೆ. 'ನೀಲಿ ಲಿಟ್ಮಸ್ ಕೆಂಪಾಯಿತು' ಎಂಬುದನ್ನು ಹೆಚ್ಚಿನವರು ಸರಿಯಾದ ಅಂಕಣದಲ್ಲೇ ಬರೆದರು. ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳು ಚಿತ್ರವನ್ನು ಮೊದಲು ಪೂರ್ತಿ ನೋಡಿ, ತುಣುಕುಗಳನ್ನು ಮಾರ್ಗದರ್ಶಕರಿಗೆ ತೋರಿಸಿ, ಚರ್ಚೆಗೆ ಕನಿಷ್ಠ 15 ನಿಮಿಷ ಉಳಿಸಿಕೊಳ್ಳುವುದು ಒಳ್ಳೆಯದು.