ತಿಳಿಯುವ ಮೊದಲೇ ಮಾಡತಕ್ಕ ಆರೈಕೆ



ಒಂದು ಮನೆಯಲ್ಲಿ ಅಂಗದೋಷವುಳ್ಳ ಕೂಸು ಹುಟ್ಟಿದರೆ ನೆರೆಹೊರೆಯವರು ಏನೆಂದು ಮಾತಾಡಿಕೊಳ್ಳುತ್ತಾರೆಂಬದನ್ನು ನಾವೆಲ್ಲರೂ ಕೇಳಿದ್ದೇವೆ. ಬಸುರಿಯು ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೆಂದು ಒಬ್ಬರು, ಯಾರದೋ ಶಾಪ ತಟ್ಟಿತೆಂದು ಇನ್ನೊಬ್ಬರು, ಹಿಂದೆ ಮಾಡಿದ ಪಾಪದ ಫಲವೆಂದು ಮತ್ತೊಬ್ಬರು ಹೇಳುತ್ತಾರೆ. ಮಾತು ಯಾರ ಬಾಯಿಂದ ಹೊರಟರೂ ಅದರ ಭಾರವು ಕೊನೆಗೆ ತಾಯಿಯ ತಲೆಯ ಮೇಲೆಯೇ ಬೀಳುತ್ತದೆ. ಇಂಥ ನಂಬಿಕೆಗಳನ್ನು ಬಿಟ್ಟೆವೆಂದು ಹೇಳಿಕೊಳ್ಳುವ ನಮ್ಮ ಸಭೆಗಳಲ್ಲಿಯೂ ಅವು ಪಿಸುಮಾತಾಗಿ ಉಳಿದಿರುವದು ನಾಚಿಕೆಯ ಸಂಗತಿಯಾಗಿದೆ.

ಹುಟ್ಟಿನ ದೋಷಗಳು ಅನೇಕ. ಅವುಗಳ ಕಾರಣಗಳೂ ಅನೇಕ. ಆದರೆ ಮೆದುಳಿಗೂ ಬೆನ್ನುಹುರಿಗೂ ತಗಲುವ ಒಂದು ಬಗೆಯ ದೋಷವುಂಟು. ಅದರ ದೊಡ್ಡ ಪಾಲನ್ನು ಸಾಸಿವೆಕಾಳಿನಷ್ಟಾದರೂ ತೂಗದ ಒಂದು ವಸ್ತುವಿನಿಂದ ತಡೆಯಬಹುದು. ಈ ಪಾಠದಲ್ಲಿ ನಾವು ಅದನ್ನೇ ವಿಚಾರಿಸೋಣ.

1. ಮೊದಲಿನ ಇಪ್ಪತ್ತೆಂಟು ದಿನಗಳು

ಗರ್ಭವು ನಿಂತ ಕೆಲವು ದಿನಗಳಲ್ಲಿಯೇ, ಕೂಸು ಒಂದು ಕಾಳಿಗಿಂತಲೂ ಚಿಕ್ಕದಾಗಿರುವಾಗ, ಅದರ ಬೆನ್ನಿನ ಕಡೆಯಲ್ಲಿ ಎಲೆಯಂಥ ಒಂದು ತೆಳು ಪದರವು ಉಂಟಾಗುತ್ತದೆ. ವೀಳ್ಯದೆಲೆಯ ಎರಡು ಅಂಚುಗಳನ್ನು ಮಡಚಿ ಕೂಡಿಸಿದರೆ ಹೇಗೆ ಸುರುಳಿಯಾಗುತ್ತದೋ, ಹಾಗೆಯೇ ಈ ಪದರದ ಅಂಚುಗಳು ಮೇಲಕ್ಕೆದ್ದು ಒಂದಕ್ಕೊಂದು ಸೇರಿ ಕೊಳವೆಯಾಗುತ್ತವೆ. ಇದಕ್ಕೆ ನರನಾಳವೆಂದು ಹೆಸರು. ಇದರ ಮೇಲಿನ ತುದಿಯು ಮೆದುಳಾಗಿಯೂ ಉಳಿದ ಭಾಗವು ಬೆನ್ನುಹುರಿಯಾಗಿಯೂ ಬೆಳೆಯುತ್ತದೆ.

ಈ ಕೊಳವೆಯು ಗರ್ಭವು ನಿಂತ ಸುಮಾರು 28ನೇ ದಿನದೊಳಗೆ ಪೂರಾ ಮುಚ್ಚಿಕೊಳ್ಳಬೇಕು. ಕೆಳಗಡೆ ಮುಚ್ಚದೆ ಹೋದರೆ ಕೂಸಿನ ಬೆನ್ನೆಲುಬು ತೆರೆದುಕೊಂಡೇ ಉಳಿಯುತ್ತದೆ. ವೈದ್ಯರು ಇದನ್ನು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಕಾಲುಗಳಲ್ಲಿ ಬಲವಿರುವದಿಲ್ಲ, ಮಲಮೂತ್ರಗಳ ಹಿಡಿತವಿರುವದಿಲ್ಲ. ಕೆಲವರಿಗೆ ತಲೆಯಲ್ಲಿ ನೀರು ತುಂಬುತ್ತದೆ. ಮೇಲ್ಗಡೆ ಮುಚ್ಚದೆ ಹೋದರೆ ಮೆದುಳೂ ತಲೆಬುರುಡೆಯೂ ಬೆಳೆಯುವದಿಲ್ಲ. ಅಂಥ ಕೂಸು ಸತ್ತೇ ಹುಟ್ಟುತ್ತದೆ, ಇಲ್ಲವೆ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ತೀರಿಹೋಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಿರಿ. ನರನಾಳವು ಮುಚ್ಚುವ ಹೊತ್ತಿಗೆ ತಾಯಿಯ ಮುಟ್ಟು ತಪ್ಪಿ ಎರಡು ವಾರಗಳು ಮಾತ್ರ ಆಗಿರುತ್ತವೆ. ಆಕೆಯು ಹೊಲಕ್ಕೆ ಹೋಗುತ್ತಾ ನೀರು ಹೊರುತ್ತಾ, ತಾನು ಬಸುರಿಯೋ ಅಲ್ಲವೋ ಎಂದು ಇನ್ನೂ ಸಂದೇಹಪಡುತ್ತಿರುತ್ತಾಳೆ. ಅಷ್ಟರಲ್ಲಿ ಈ ಕೆಲಸವು ಒಳ್ಳೇದಾಗಿಯೋ ಕೆಟ್ಟದಾಗಿಯೋ ಮುಗಿದುಹೋಗಿರುತ್ತದೆ.

2. ಎಲೆಯ ಹೆಸರುಳ್ಳ ಪೋಷಕವಸ್ತು

ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಮುಂಬಯಿಯಲ್ಲಿ ಬಟ್ಟೆ ಗಿರಣಿಗಳ ಬಡ ಬಸುರಿಯರಿಗೆ ಬರುತ್ತಿದ್ದ ಕಠಿಣವಾದ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರವನ್ನು ತಿನ್ನಿಸಿದರೆ ಅದು ವಾಸಿಯಾಗುತ್ತದೆಂದು 1931ನೇ ಇಸವಿಯಲ್ಲಿ ಪ್ರಕಟಿಸಿದಳು. ಆ ಸಾರದೊಳಗೆ ಅಡಗಿದ್ದ ವಸ್ತುವನ್ನು 1941ರಲ್ಲಿ ಬೇರೆ ಪಂಡಿತರು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಶರೀರದಲ್ಲಿ ಹೊಸ ಕಣಗಳು ಹುಟ್ಟುವಲ್ಲೆಲ್ಲಾ ಇದು ಬೇಕು. ಗರ್ಭದ ಮೊದಲಿನ ವಾರಗಳಲ್ಲಿ ಕಣಗಳು ಅತಿವೇಗದಿಂದ ಹೆಚ್ಚುವದರಿಂದ ಅದರ ಕೊರತೆಯು ಆಗಲೇ ಬಹಳವಾಗಿ ಬಾಧಿಸುತ್ತದೆ.

ಇದರ ಕೊರತೆಗೂ ನರನಾಳದ ದೋಷಕ್ಕೂ ಸಂಬಂಧವಿರಬಹುದೆಂದು ಇಂಗ್ಲೆಂಡಿನ ವೈದ್ಯರು 1965ರಲ್ಲಿಯೇ ಊಹಿಸಿದ್ದರು. ಆ ಊಹೆಯು 1991ರಲ್ಲಿ ಸ್ಥಿರವಾಯಿತು. ಅಂಥ ದೋಷವುಳ್ಳ ಗರ್ಭವನ್ನು ಒಮ್ಮೆ ಹೊತ್ತಿದ್ದ ಸ್ತ್ರೀಯರನ್ನು ಏಳು ದೇಶಗಳಲ್ಲಿ ಪರೀಕ್ಷೆಗೆ ಸೇರಿಸಿ, ಅವರಲ್ಲಿ ಅರ್ಧ ಮಂದಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಕೊಡದಿದ್ದವರಲ್ಲಿ 21 ಕೂಸುಗಳಿಗೂ ಕೊಟ್ಟವರಲ್ಲಿ 6 ಕೂಸುಗಳಿಗೂ ದೋಷವು ಕಂಡಿತು. ಲಾಭವು ಇಷ್ಟು ಸ್ಪಷ್ಟವಾದ ಮೇಲೆ ಇನ್ನು ಕೊಡದಿರುವದು ಅನ್ಯಾಯವೆಂದು ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಚೀನಾ ದೇಶದಲ್ಲಿ 1993ರಿಂದ 1995ರ ವರೆಗೆ ಮದುವೆಗೆ ಮೊದಲಿನ ತಪಾಸಣೆಗೆ ಬಂದ ಕನ್ಯೆಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ತೂಕದ ಗುಳಿಗೆಯನ್ನು ಕೊಟ್ಟರು. ಈ ದೋಷವು ಹೆಚ್ಚಾಗಿದ್ದ ಉತ್ತರ ಸೀಮೆಯಲ್ಲಿ ಗುಳಿಗೆ ನುಂಗದವರ 1000 ಹೆರಿಗೆಗಳಲ್ಲಿ ಸುಮಾರು 5 ಕೂಸುಗಳಿಗೆ ದೋಷವಿದ್ದರೆ, ಕ್ರಮವಾಗಿ ನುಂಗಿದವರಲ್ಲಿ ಅದು ಒಂದಕ್ಕೆ ಇಳಿಯಿತು.

3. ಹಿಟ್ಟಿನಲ್ಲಿ ಬೆರೆಸಿದ್ದು ಯಾಕೆ?

ಗುಳಿಗೆಯು ಸಿಕ್ಕಿದ ಮೇಲೆ ಹಿಟ್ಟಿನ ಗೊಡವೆ ಯಾಕೆಂದು ಕೆಲವರು ಕೇಳಬಹುದು. ಉತ್ತರವು ಮೇಲಿನ ಲೆಕ್ಕದಲ್ಲಿಯೇ ಇದೆ. ಬಸುರಿಯೆಂದು ತಿಳಿದ ಮೇಲೆ ಗುಳಿಗೆಗಾಗಿ ಹೋದರೆ ತಡವಾಗುತ್ತದೆ. ಬಸುರಾಗುವ ದಿನವನ್ನು ಮುಂದಾಗಿ ಗೊತ್ತುಮಾಡಿಕೊಳ್ಳುವವರು ಕೆಲವರೇ. ಆದಕಾರಣ ಎಲ್ಲರೂ ದಿನಾಲು ತಿನ್ನುವ ಆಹಾರದಲ್ಲಿಯೇ ಅದನ್ನು ಸೇರಿಸುವದು ಒಳ್ಳೇದೆಂದು ಕೆಲವು ದೇಶದವರು ಯೋಚಿಸಿದರು. ಉಪ್ಪಿಗೆ ಅಯೋಡಿನ್ ಸೇರಿಸಿ ಗಳಗಂಡವನ್ನು ತಡೆದದ್ದು ಇದೇ ರೀತಿಯಲ್ಲಿ ಅಲ್ಲವೇ?

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ ಸೇರಿಸಿ ಮಾರುವ ಹಿಟ್ಟಿನ ಪ್ರತಿ 100 ಗ್ರಾಮಿಗೆ 140 ಮೈಕ್ರೋಗ್ರಾಂ ಬೆರೆಸಬೇಕೆಂಬ ಕಟ್ಟಳೆಯು 1998ರ ಜನವರಿಯಿಂದ ನಡೆಯಿತು. ಕೆನಡಾ ದೇಶದಲ್ಲಿ ಅದೇ ವರುಷ ಬಿಳೀ ಗೋದಿಹಿಟ್ಟಿಗೆ ಬೆರೆಸಿದರು. ಅಲ್ಲಿನ ಏಳು ಪ್ರಾಂತ್ಯಗಳಲ್ಲಿ ಎಣಿಸಿ ನೋಡಲಾಗಿ, ಮೊದಲು 10,000 ಹೆರಿಗೆಗಳಿಗೆ ಸುಮಾರು 16 ಇದ್ದ ಈ ದೋಷವು ಆಮೇಲೆ ಸುಮಾರು 9ಕ್ಕೆ ಇಳಿದಿತ್ತು. ಚಿಲಿ ದೇಶವು 2000ದಲ್ಲಿಯೂ ದಕ್ಷಿಣ ಆಫ್ರಿಕವು 2003ರಲ್ಲಿಯೂ ಈ ದಾರಿಯನ್ನು ಹಿಡಿದವು. ದಕ್ಷಿಣ ಆಫ್ರಿಕದವರು ಬಡವರ ಆಹಾರವಾದ ಮೆಕ್ಕೆಜೋಳದ ಹಿಟ್ಟನ್ನೂ ಬಿಡಲಿಲ್ಲ. ಅಲ್ಲಿಯ ತಾಯಂದಿರು ರೊಟ್ಟಿ ತಿಂದರು; ತಮಗೆ ಅರಿವಿಲ್ಲದೆಯೇ ತಮ್ಮ ಕೂಸುಗಳನ್ನು ಕಾಪಾಡಿದರು.

4. ನಮ್ಮ ಊರುಗಳ ಸ್ಥಿತಿ

ನಮ್ಮ ಹಳ್ಳಿಗಳಲ್ಲಿಯೋ ರಾಗಿಯನ್ನೂ ಜೋಳವನ್ನೂ ಮನೆಯಲ್ಲಿ ಹಸನುಮಾಡಿ ಊರ ಗಿರಣಿಯಲ್ಲಿ ಬೀಸಿಸಿಕೊಂಡು ಬರುತ್ತೇವೆ. ಆ ಹಿಟ್ಟು ಒಳ್ಳೇದೇ. ಆದರೆ ಅದರಲ್ಲಿ ಯಾರೂ ಏನನ್ನೂ ಬೆರೆಸಿರುವದಿಲ್ಲ. ನ್ಯಾಯಬೆಲೆ ಅಂಗಡಿಗಳ ಮೂಲಕ ಸಾರವರ್ಧಿತ ಅಕ್ಕಿಯನ್ನು ಹಂಚುವೆವೆಂದು ಭಾರತ ಸರಕಾರವು 2021ರಲ್ಲಿ ಪ್ರಕಟಿಸಿ ಮುಂದಿನ ವರುಷಗಳಲ್ಲಿ ಹಂಚಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇವುಗಳನ್ನು ಕೂಡಿಸಿ ಅಕ್ಕಿಯ ಆಕಾರದಲ್ಲಿಯೇ ಕಾಳುಮಾಡಿ, ನೂರು ಕಾಳಿಗೆ ಒಂದರಂತೆ ಸೇರಿಸಿದ ಅಕ್ಕಿಯದು. ನೀರಿನಲ್ಲಿ ಕೆಲವು ಕಾಳುಗಳು ತೇಲುವದನ್ನು ಕಂಡು, ಇದು ಪ್ಲಾಸ್ಟಿಕ್ ಅಕ್ಕಿಯೆಂದು ಅನೇಕರು ಅವನ್ನು ಆರಿಸಿ ಚೆಲ್ಲಿದರು. ಅವರು ಚೆಲ್ಲಿದ್ದು ಔಷಧವನ್ನೇ.

ಆದರೂ ಈ ಅಕ್ಕಿಯೊಂದನ್ನೇ ನಂಬಿ ಕೂತುಕೊಳ್ಳಲಾಗದು. ನಿಯಮದ ಪ್ರಕಾರ ಅದರ ಒಂದು ಕಿಲೋದಲ್ಲಿ ಇರತಕ್ಕದ್ದು 75ರಿಂದ 125 ಮೈಕ್ರೋಗ್ರಾಂ ಮಾತ್ರ. ದಿನಕ್ಕೆ ಬೇಕಾದದ್ದು 400. ಸೊಪ್ಪು, ಅಲಸಂದೆ, ಕಡಲೆ, ಹೆಸರು ಇವುಗಳಲ್ಲಿ ಈ ಸಾರವು ಸ್ವಾಭಾವಿಕವಾಗಿ ಉಂಟು. ಅವುಗಳನ್ನು ಅವಶ್ಯವಾಗಿ ತಿನ್ನಬೇಕು. ಆದರೆ ಬಹಳ ಹೊತ್ತು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಸಾರದ ಬಹುಭಾಗವು ನಷ್ಟವಾಗುತ್ತದೆ. ಆದಕಾರಣ ಪರದೇಶದವರಿಗೆ ಹಿಟ್ಟು ಮಾಡಿದ ಉಪಕಾರವನ್ನು ನಾವು ಗುಳಿಗೆಯಿಂದಲೇ ಪಡೆಯಬೇಕು.

5. ನಾವು ಮಾಡತಕ್ಕದ್ದು

ಬಸುರಿಯರಿಗೆ ಆರೋಗ್ಯ ಕೇಂದ್ರದಲ್ಲಿ ನಾಲ್ಕನೆಯ ತಿಂಗಳಿಂದ ಕಬ್ಬಿಣದ ಗುಳಿಗೆ ಕೊಡುವದನ್ನು ಎಲ್ಲರೂ ಬಲ್ಲರು. ಅದರಲ್ಲಿ ಫೋಲಿಕ್ ಆಮ್ಲವೂ ಇದೆ. ರಕ್ತಕ್ಕೆ ಅದು ಅಗತ್ಯ, ಬಿಡಬಾರದು. ಆದರೆ ಕೂಸಿನ ಬೆನ್ನು ಮುಚ್ಚುವ ಕೆಲಸಕ್ಕೆ ಅದು ತಡವಾಗಿ ಬಂದದ್ದು. ಗೋಡೆ ಎದ್ದ ಮೇಲೆ ಅಸ್ತಿವಾರಕ್ಕೆ ಕಲ್ಲು ತಂದಂತಾಗುತ್ತದೆ. ಆದದರಿಂದ ಕೂಸನ್ನು ಬಯಸುವ ಸ್ತ್ರೀಯು ಕಡಿಮೆಯಂದರೆ ಒಂದು ತಿಂಗಳು ಮುಂಚೆಯೇ ದಿನಾಲು 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನು ತೊಡಗಿ, ಗರ್ಭದ 12ನೇ ವಾರದ ವರೆಗೆ ತಪ್ಪದೆ ನುಂಗತಕ್ಕದ್ದು. ಆಶಾ ಕಾರ್ಯಕರ್ತೆಯನ್ನಾಗಲಿ ಆರೋಗ್ಯ ಕೇಂದ್ರದ ದಾದಿಯನ್ನಾಗಲಿ ಕೇಳಿರಿ. ಅಂಗಡಿಯಲ್ಲಿ 5 ಮಿಲಿಗ್ರಾಮಿನ ಗುಳಿಗೆಯೂ ಸಿಕ್ಕುತ್ತದೆ. ಅದು ಹನ್ನೆರಡು ಪಾಲಿಗಿಂತ ಹೆಚ್ಚಾದದ್ದರಿಂದ ವೈದ್ಯರು ಹೇಳದೆ ನುಂಗಬಾರದು. ಮೊದಲು ಇಂಥ ಕೂಸನ್ನು ಹೆತ್ತವಳೂ, ಮೂರ್ಛೆರೋಗಕ್ಕೆ ಔಷಧ ತಕ್ಕೊಳ್ಳುವವಳೂ, ಸಕ್ಕರೆ ಕಾಯಿಲೆಯುಳ್ಳವಳೂ ಗರ್ಭಕ್ಕೆ ಮುಂಚೆಯೇ ವೈದ್ಯರ ಬಳಿಗೆ ಹೋಗಬೇಕು. ಅವರಿಗೆ ಹೆಚ್ಚು ಪ್ರಮಾಣವು ಬೇಕಾಗಬಹುದು. ಮೂರ್ಛೆರೋಗದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಅತ್ತೆಯಂದಿರೇ, ಗಂಡಂದಿರೇ, ಇದು ಸೊಸೆಯೊಬ್ಬಳ ಕೆಲಸವಲ್ಲ. ಮದುವೆಯು ಗೊತ್ತಾದಾಗ ಸೀರೆಗೂ ಊಟಕ್ಕೂ ಲೆಕ್ಕ ಹಾಕುತ್ತೇವಷ್ಟೆ. ಈ ಗುಳಿಗೆಗಳನ್ನೂ ಆ ಲೆಕ್ಕದಲ್ಲಿ ಸೇರಿಸಿರಿ. ಮದುಮಕ್ಕಳಿಗೆ ಬುದ್ಧಿ ಹೇಳುವ ಉಪದೇಶಿಗಳೂ ಹಿರಿಯರೂ ನಾಚಿಕೊಳ್ಳದೆ ಇದನ್ನು ತಿಳಿಸಲಿ.

ಕಡೆಯದಾಗಿ ಒಂದು ಮಾತು. ಗುಳಿಗೆಯು ಈ ದೋಷದ ದೊಡ್ಡ ಪಾಲನ್ನು ತಡೆಯುತ್ತದೆಯೇ ಹೊರತು ಎಲ್ಲವನ್ನೂ ಅಲ್ಲ. ತಪ್ಪದೆ ನುಂಗಿದವಳಿಗೂ ಅಂಥ ಕೂಸು ಹುಟ್ಟೀತು. ಆದಕಾರಣ ಗ್ರಹಣದ ಹೆಸರಿನಿಂದ ಮಾಡುತ್ತಿದ್ದ ನಿಂದೆಯನ್ನು ಇನ್ನು ಗುಳಿಗೆಯ ಹೆಸರಿನಿಂದ ಮಾಡಬಾರದು. ಕೂಸಿನ ಬೆನ್ನಿನಲ್ಲಿ ಗಂಟಾಗಲಿ ಬಿರುಕಾಗಲಿ ಕಂಡರೆ ಅದನ್ನು ಬಚ್ಚಿಡದೆ, ಶುದ್ಧವಾದ ಒದ್ದೆ ಬಟ್ಟೆಯನ್ನು ಮುಚ್ಚಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಶಸ್ತ್ರಕ್ರಿಯೆಯೂ ಆರೈಕೆಯೂ ದೊರೆತ ಇಂಥ ಮಕ್ಕಳು ಬೆಳೆದು ಓದಿ ಉದ್ಯೋಗ ಮಾಡುವದುಂಟು. ಆ ತಾಯಿಯ ಮನೆಗೆ ಹೋಗುವವರು ಕಾರಣವನ್ನು ಕೇಳುವದಕ್ಕಲ್ಲ, ಕೂಸನ್ನು ಎತ್ತಿಕೊಳ್ಳುವದಕ್ಕೆ ಹೋಗಲಿ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ನರನಾಳವು ಎಷ್ಟನೆಯ ದಿನದೊಳಗೆ ಮುಚ್ಚಬೇಕು? ಆಗ ತಾಯಿಗೆ ಗರ್ಭದ ಸಂಗತಿಯು ತಿಳಿದಿರುತ್ತದೋ?
2. ನಾಲ್ಕನೆಯ ತಿಂಗಳಲ್ಲಿ ತೊಡಗುವ ಗುಳಿಗೆಯು ಈ ದೋಷವನ್ನು ಯಾಕೆ ತಡೆಯಲಾರದು?
3. ಕೆನಡಾ ದೇಶದ ಹಿಟ್ಟಿಗೂ ನಮ್ಮ ಊರ ಗಿರಣಿಯ ಹಿಟ್ಟಿಗೂ ಭೇದವೇನು?
4. ನಮ್ಮ ಮನೆಯಲ್ಲಿಯೂ ನೆರೆಯಲ್ಲಿಯೂ ಈ ಮಾತನ್ನು ಈ ವಾರವೇ ತಿಳಿಸಬೇಕಾದವರು ಯಾರು?